ಎಂಬತ್ತನೆಯ ಮೀಟರು

"ಎಡಗಾಲಲ್ಲೇನಲೇ ಅವತ್ತ ನೀ ಹಿಡ್ಕೊಂಡಿದ್ದು?"

ಬಿಸಿ ಉಪ್ಪಿನ ಗಂಟು ಬಸವಂತನ ಬಲತೊಡೆಯ ಮೇಲೆ ನಿಂತುಬಿಟ್ಟಿತು. ಅನ್ನಪೂರ್ಣ ಅದನ್ನು ಒತ್ತಲೂ ಇಲ್ಲ, ಎತ್ತಲೂ ಇಲ್ಲ. ತೊಡೆ ಸುಡುತ್ತಿತ್ತು. ಸುಡುತ್ತಿದೆ ಎಂದರೆ ಮಾತು ಬೇರೆ ಕಡೆ ಹೊರಳಬಹುದು ಎಂದು ಗೊತ್ತಿದ್ದರೂ ಅವನು ಬಾಗಿಲ ಕಡೆಗೇ ನೋಡುತ್ತಿದ್ದ.

ಹಾಗೆ ಕೇಳಿದ ಕೊಟ್ರಪ್ಪ ಮಾಸ್ತರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಸಿಗೆ ಸುರಿದ ಚಹಾ ಊದುತ್ತಿದ್ದರು. ಹದಿನಾರು ವರ್ಷದ ಹಿಂದೆ ಧಾರವಾಡದಲ್ಲಿ ಅವನಿಗೆ ಓಟ ಕಲಿಸಿದವರು. ಈಗ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸೋಮವಾರ ಒಂದು ಕಣ್ಣಿನ ಆಪರೇಷನ್ ಎಂದು ನಿನ್ನೆ ಬೆಳಿಗ್ಗೆ ಗದಗಿನ ರೈಲಿಳಿದು, ವಿಳಾಸದ ಚೀಟಿಯನ್ನು ಹತ್ತು ಜನರಿಗೆ ತೋರಿಸಿಕೊಂಡು, ಬಿಟಿಎಂ ಲೇಔಟಿನ ಈ ಮಹಡಿ ಮನೆಯ ಮೆಟ್ಟಿಲು ತಡವುತ್ತ ಹತ್ತಿ ಬಂದಿದ್ದರು. ಇವತ್ತು ಗುರುವಾರ. ಆಪರೇಷನ್ನಿಗೆ ಮುಂಚೆ ನಾಲ್ಕು ದಿನ, ಆಮೇಲೆ ಕಟ್ಟು ಬಿಚ್ಚುವವರೆಗೆ ಇನ್ನೊಂದು ವಾರ. ಬಸವಂತ ರಾತ್ರಿಯೇ ಲೆಕ್ಕ ಹಾಕಿದ್ದ.

"ಬಲಗಾಲ್ರೀ ಕಾಕಾ," ಎಂದಳು ಅನ್ನಪೂರ್ಣ. ಅವಳೂ ಗದಗಿನ ಕಡೆಯವಳು. ಒಂದೇ ದಿನದಲ್ಲಿ ಅವರನ್ನು ಕಾಕಾ ಮಾಡಿಕೊಂಡಿದ್ದಳು. "ಹನ್ನೆರಡು ವರ್ಷ ಆತು, ಚಳಿಗಾಲ ಬಂತಂದ್ರ ನಾನೇ ಕಾಸಾಕತ್ತೀನಿ. ನನಗ ಗೊತ್ತಿಲ್ಲೇನು?"

"ಹೌದನವಾ?" ಮಾಸ್ತರು ಅವನ ಕಾಲಿನ ಕಡೆ ನೋಡಿದರು. ಅಥವಾ ಗೋಡೆಯ ಕಡೆ ನೋಡಿದರು. "ಇರಬಹುದು. ಕಣ್ಣ ಮಸಕಾದಾಗಿಂದ ಹಳೇದೆಲ್ಲಾ ಭಾಳ ನಿಚ್ಚಳ ಕಾಣ್ತಾವ ನೋಡು. ಎಡಗಾಲ ಹಿಡ್ಕೊಂಡು ಬಿದ್ದಂಗ ಕಾಣ್ತೈತಿ."

"ಬಲಗಾಲೇ ಸಾರ್. ನಿಮಗೆ ಮರ್ತುಹೋಗಿದೆ."

"ಮರ್ತಿರಬೇಕು," ಎಂದು ಮಾಸ್ತರು ಒಪ್ಪಿಕೊಂಡುಬಿಟ್ಟರು.

ವಾದಿಸಿದ್ದರೆ ಬಸವಂತನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅನ್ನಪೂರ್ಣ ಗಂಟನ್ನು ಎತ್ತಿ, ಅಂಗೈ ಮೇಲಿಟ್ಟು ಬಿಸಿ ನೋಡಿ, "ಆರಿತು," ಎಂದಳು. ಆರಿರಲಿಲ್ಲ. ಅವನ ತೊಡೆಯ ಮೇಲೆ ಅಂಗೈಯಗಲ ಕೆಂಪಾಗಿತ್ತು.

ಅವನು ಪ್ಯಾಂಟು ಹಾಕಿಕೊಂಡು, ಎಂದಿನಂತೆ ಬಲಗಾಲು ಎಳೆಯುತ್ತ ಮೆಟ್ಟಿಲಿಳಿದ. ಒಂದೊಂದು ಮೆಟ್ಟಿಲಿಗೂ, ಮೇಲೆ ಇಬ್ಬರು ಕಿವಿಗೊಟ್ಟು ತನ್ನ ಹೆಜ್ಜೆ ಕೇಳುತ್ತಿದ್ದಾರೆ ಅನ್ನಿಸಿತು.

ಹತ್ತೊಂಬತ್ತುನೂರ ಎಂಬತ್ತೊಂದರಲ್ಲಿ ಅವನು ಬಿದ್ದದ್ದು ನಿಜ. ರಾಜ್ಯ ತಂಡದ ಆಯ್ಕೆ. ನೂರು ಮೀಟರಿನ ಕೊನೆಯ ಓಟ. ಎಂಬತ್ತು ಮೀಟರಿನ ಹತ್ತಿರ ಅವನ ಮುಂದೆ ಎರಡು ಬೆನ್ನು ಇದ್ದವು. ಅಷ್ಟು ಹತ್ತಿರದಿಂದ ಬೇರೆಯವರ ಬೆನ್ನನ್ನು ಅವನು ಅದಕ್ಕೆ ಮುಂಚೆ ನೋಡಿರಲಿಲ್ಲ. ಒಬ್ಬನ ಬನಿಯನ್ ಬೆವರಿಗೆ ಅಂಟಿ, ಬೆನ್ನೆಲುಬಿನ ಒಂದೊಂದು ಗಂಟೂ ಕಾಣುತ್ತಿತ್ತು. ಇನ್ನೊಂದು ಕ್ಷಣಕ್ಕೆ ಮೂರನೆಯವನ ಬೆನ್ನೂ ಕಾಣುತ್ತಿತ್ತೇನೋ. ಅವನು ತೊಡೆ ಹಿಡಿದುಕೊಂಡು ಕೂಗಿ ಬಿದ್ದ. ಕಾಲಿಗೆ ಏನೂ ಆಗಿರಲಿಲ್ಲ.

ಮಾಸ್ತರೇ ಅವನನ್ನು ಹೊತ್ತು ಶಾಮಿಯಾನದ ನೆರಳಿಗೆ ತಂದರು. ಹೆಬ್ಬೆರಳಿನಿಂದ ತೊಡೆಯ ಹಿಂದಿನ ಸ್ನಾಯುವನ್ನು ಒತ್ತುತ್ತ ಬಂದರು. ಎಲ್ಲಿ ನೋಯಬೇಕು ಎಂದು ಅವನಿಗೆ ತಿಳಿಯಲಿಲ್ಲ. ಕಣ್ಣು ಮಿಟುಕಿಸುವಷ್ಟು ತಡವಾಗಿ ನರಳಿದ. ಬೆರಳು ನಿಂತಿತು. ಮಾಸ್ತರು ಅವನ ಮುಖ ನೋಡಿದರು. ಆಗ ಅವರ ಕಣ್ಣು ಚೆನ್ನಾಗಿದ್ದವು. ಆಮೇಲೆ ಸ್ನಾಯು ಹರಿದಿದೆ ಎಂದು ಕಾಗದ ಬರೆದುಕೊಟ್ಟರು.

ಅದನ್ನು ನಂಬಿಸಲು ಒಂದು ತಿಂಗಳು ಕುಂಟಿದ. ಮರುವರ್ಷ ಕ್ರೀಡಾಪಟುಗಳ ಕೋಟಾದಲ್ಲಿ ದೂರವಾಣಿ ಕಚೇರಿಯ ಸಂದರ್ಶನ ಬಂತು. ಹಳೆಯ ಪದಕಗಳನ್ನು ಮೇಜಿನ ಮೇಲಿಟ್ಟ. ಈಗ ಯಾಕೆ ಓಡುತ್ತಿಲ್ಲ ಎಂದು ಅವರು ಕೇಳಿದಾಗ ಎದ್ದು ಕುಂಟುತ್ತ ನಡೆದು ತೋರಿಸಿದ. ಹೆಣ್ಣು ನೋಡಲು ಹೋದಾಗ ಅನ್ನಪೂರ್ಣಳ ತಂದೆಗೆ ಯಾರೋ ಆಗಲೇ ಹೇಳಿದ್ದರು: ಭಾರಿ ಓಟಗಾರ, ಪಾಪ, ಕಾಲು ಹೋಯಿತು. ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಅವನ ಕಾಲನ್ನೇ ನೋಡಿ ಒಪ್ಪಿಕೊಂಡಳು. ಆಮೇಲೆ ನಿಲ್ಲಿಸುವುದಕ್ಕೆ ಒಂದು ದಿನ ಸಿಗಲಿಲ್ಲ. ಇಂಥ ದಿನ ಕುಂಟು ವಾಸಿಯಾಯಿತು ಎಂದು ಯಾರಿಗಾದರೂ ಹೇಳಬೇಕಲ್ಲ.

ಆದರೆ ಅವತ್ತು ಹಿಡಿದುಕೊಂಡದ್ದು ಯಾವ ಕಾಲು? ಬಸ್ಸಿನಲ್ಲಿ ಒಬ್ಬ ಯುವಕ ಎದ್ದು ಸೀಟು ಬಿಟ್ಟುಕೊಟ್ಟಾಗ, ಕೂರುತ್ತ ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಎರಡು ಬೆನ್ನು ಕಂಡವು. ಮಣ್ಣು ಕಂಡಿತು. ಕೈ ಯಾವ ತೊಡೆಗೆ ಹೋಗಿತ್ತು ಎಂಬುದು ಮಾತ್ರ ಕಾಣಲಿಲ್ಲ.

ಜಯನಗರದ ಕಚೇರಿಯಲ್ಲಿ ಅವನದು ನೆಲಮಹಡಿಯ ವಿಚಾರಣೆಯ ಕಿಟಕಿ. ಕಾಲಿನ ಕಾರಣಕ್ಕೆ ಅವನನ್ನು ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಹೊಸ ಫೋನಿಗೆ ಅರ್ಜಿ ಹಾಕಿ ಕಾಯುತ್ತಿರುವವರು ಬಂದು ತಮ್ಮ ಸರದಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. "ಬರುತ್ತೆ," ಎನ್ನುತ್ತಿದ್ದ. ಯಾವಾಗ ಎಂದು ಮತ್ತೆ ಕೇಳಿದವರಿಗೆ ಮತ್ತಷ್ಟು ಮೆತ್ತಗೆ, "ಬರುತ್ತೆ." ಅವನ ಮನೆಗೇ ಫೋನ್ ಬಂದಿರಲಿಲ್ಲ.

"ಏನ್ ಜರ್ಮನ್ ಸಾರ್, ಇವತ್ತು ಕಾಲು ಜಾಸ್ತಿ ಎಳೀತಿದೀರ?" ಎಂದ, ಸಂಜೆ ಜರ್ಮನ್ ಕಲಿಯಹೋಗುತ್ತಿದ್ದ ಬಸವಂತನಿಗೆ ಆ ಹೆಸರಿಟ್ಟ ಪಕ್ಕದ ಮೇಜಿನ ಸೀನು. ಬಸವನಗುಡಿಯವನು, ಹುಟ್ಟಿದ ಬೀದಿಯಲ್ಲೇ ಮದುವೆಯಾಗಿ ಅಲ್ಲೇ ಉಳಿದವನು. ಅವನ ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಅದಕ್ಕೇ ಬಸವಂತನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ.

"ಚಳಿ."

"ಊರಿಂದ ಗೆಸ್ಟ್ ಬಂದವ್ರಂತೆ? ನಿಮ್ ಕೋಚು? ಒಂದಿನ ಕರ್ಕೊಂಡ್ ಬನ್ನಿ ಸಾರ್ ಆಫೀಸಿಗೆ. ನಿಮ್ ಹಳೇ ಕತೆ ಎಲ್ಲಾ ಕೇಳೋಣ."

"ಅವರಿಗೆ ಕಣ್ಣು ಕಾಣಲ್ಲ," ಎಂದ ಬಸವಂತ.

"ಕತೆ ಹೇಳೋಕೆ ಕಣ್ಯಾಕೆ ಸಾರ್?"

ಹನ್ನೊಂದು ಗಂಟೆಗೆ ಅವನು ತಡೆಯಲಾರದೆ ಕೆಳಗಿನ ಮನೆಯ ಗೌರಮ್ಮನಿಗೆ ಫೋನ್ ಮಾಡಿದ. ಮನೆಯ ಒಡತಿ, ಮಾತಿಗೆ ಬಿಡುವು ಕೊಡುವವರಲ್ಲ.

"ಇಬ್ರೂ ತಾರಸಿ ಮೇಲೆ ಬಿಸಿಲಿಗೆ ಕೂತವ್ರೆ. ಅವರೇಕಾಯಿ ಬಿಡಿಸ್ತಾವ್ರೆ. ನಿಮ್ ಹೆಂಡ್ತಿ ಇಷ್ಟು ಜೋರಾಗಿ ನಕ್ಕಿದ್ದು ನಾನು ಈ ಮೂರು ವರ್ಷದಲ್ಲಿ ಕೇಳೇ ಇಲ್ಲ. ಕರೀಲಾ?"

"ಬೇಡ."

"ಏನಾದ್ರೂ ಹೇಳ್ಬೇಕಾ?"

"ಏನಿಲ್ಲ."

ಯಾವುದಕ್ಕೆ ನಕ್ಕಳು ಎಂದು ಕೇಳಬೇಕಿತ್ತು. ಫೋನ್ ಇಟ್ಟಮೇಲೂ ಅವನ ಕೈ ಅದರ ಮೇಲೇ ಇತ್ತು.

ಮಧ್ಯಾಹ್ನ ಅರ್ಧ ದಿನದ ರಜೆ ಬರೆದು ಪದ್ಮನಾಭನಗರಕ್ಕೆ ಹೊರಟ. ಸೀತಾಲಕ್ಷ್ಮಿ ಮೇಡಂ ಬರಹೇಳಿದ್ದರು. ಮೂವತ್ತು ವರ್ಷ ಜರ್ಮನ್ ಕಲಿಸಿ ನಿವೃತ್ತರಾಗಿ, ಈಗ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕನ್ನಡದಲ್ಲಿ ಬರಲಿದ್ದ ಒಂದು ಕ್ರೀಡಾಕೋಶದ ವಿದೇಶಿ ಭಾಗವನ್ನು ತಿದ್ದುತ್ತಿದ್ದರು. ಬಸವಂತ ನಾಲ್ಕು ವರ್ಷ ಸಂಜೆ ಅವರ ಹತ್ತಿರ ಜರ್ಮನ್ ಕಲಿತಿದ್ದ. ಯಾಕೆ ಎಂದು ಕೇಳಿದವರಿಗೆ ಆಸಕ್ತಿ ಎನ್ನುತ್ತಿದ್ದ. ಬೆಂಗಳೂರಿನ ಕನ್ನಡವನ್ನು ಎಷ್ಟು ಉಜ್ಜಿ ಆಡಿದರೂ ಎರಡನೆಯ ಮಾತಿಗೆ ಯಾವ ಊರು ಎಂದು ಕೇಳುತ್ತಿದ್ದರು. ಜರ್ಮನಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಆ ಪಾಠದ ನಡುವೆ, ಮೇಡಂ ಕೊಟ್ಟ ಒಂದು ಹಳೆಯ ಚಿತ್ರಪುಸ್ತಕದಲ್ಲಿ ಅವನಿಗೆ ಎವಾಲ್ಟ್ ಲೆಂಟ್ಸ್ ಸಿಕ್ಕಿದ್ದ. ಮಾಗ್ಡೆಬುರ್ಗಿನ ಟೋಪಿ ಹೊಲಿಯುವವನ ಮಗ. ರೈಲ್ವೆಯ ಸರಕು ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತನೆಯ ವಯಸ್ಸಿಗೆ, ಸಾವಿರದ ಒಂಬೈನೂರ ಎಂಟರಲ್ಲಿ, ತಾನೇ ಮೊಳೆ ಬಡಿದುಕೊಂಡ ಬೂಟು ಹಾಕಿ ಓಡಿ ಮೊದಲ ಓಟ ಗೆದ್ದ. ಮೂರು ವರ್ಷಕ್ಕೆ ಆ ಸೀಮೆಯಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಬ್ರೌನ್‌ಶ್ವೈಗಿನಲ್ಲಿ ನೂರು ಮೀಟರನ್ನು ಹತ್ತೂವರೆ ಸೆಕೆಂಡಿನಲ್ಲಿ ಓಡಿದ ಎಂದು ಎರಡು ಗಡಿಯಾರ ಹೇಳಿದವು. ಮೂರನೆಯದು ಹತ್ತು ಪಾಯಿಂಟ್ ಏಳು ಎಂದಿತು. ತೀರ್ಪುಗಾರರು ಕೂತು ಮೂರನೆಯದನ್ನೇ ನಂಬಿದರು, ದಾಖಲೆ ಬರೆಯಲಿಲ್ಲ. ಮರುವರ್ಷ ರಿಲೇ ತಂಡದಲ್ಲಿ ಓಡಿದ. ಕೋಲು ಗೆರೆಯ ಆಚೆ ಕೈ ಬದಲಾಯಿತೆಂದು ಇಡೀ ತಂಡವನ್ನೇ ಹೊರಗೆ ಹಾಕಿದರು. ಹದಿಮೂರರಲ್ಲಿ ಲೈಪ್ಜಿಗಿನ ದೊಡ್ಡ ಕೂಟ. ಅದರದೊಂದು ಚಿತ್ರ: ಹಲ್ಲು ಕಚ್ಚಿಕೊಂಡು ಎಲ್ಲರಿಗಿಂತ ಮುಂದಿರುವ ಲೆಂಟ್ಸ್, ಕೆಳಗೆ "ಎಂಬತ್ತನೆಯ ಮೀಟರಿನಲ್ಲಿ" ಎಂಬ ಬರಹ. ಪುಸ್ತಕದಲ್ಲಿ ಅಲ್ಲಿಗೆ ಅವನ ಕತೆ ಮುಗಿದಿತ್ತು. ಅವನು ಗೆದ್ದನೋ ಸೋತನೋ, ಬದುಕಿದನೋ ಸತ್ತನೋ ಏನೂ ಇರಲಿಲ್ಲ.

ಉಳಿದದ್ದನ್ನು, ಮೇಡಂ ಕೋಶಕ್ಕೆಂದು ಬರೆಯಹೇಳಿದಾಗ, ಬಸವಂತ ತಾನೇ ಬರೆದಿದ್ದ.

"ಕೂತ್ಕೊಳಿ ಬಸವಂತ್. ಕಾಲು ಚಾಚಿ, ಪರವಾಗಿಲ್ಲ," ಎಂದರು ಮೇಡಂ. ಮುಂದೆ ಅಚ್ಚಿನ ಕರಡು ಹರಡಿತ್ತು. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: "'ಎಂಬತ್ತನೆಯ ಮೀಟರಿನವರೆಗೆ ಮುಂದಿದ್ದ ಲೆಂಟ್ಸ್, ಬಲತೊಡೆಯ ಸ್ನಾಯು ಹರಿದು ಕುಸಿದ. ಮತ್ತೆಂದೂ ಓಡಲಿಲ್ಲ. ಮರುವರ್ಷ ಮಹಾಯುದ್ಧದ ಮೊದಲ ತಿಂಗಳಲ್ಲೇ ಮಡಿದ. ಅವನ ಹೆಣವನ್ನು ಗುರುತಿಸಿದ್ದು ಕುಂಟುಗಾಲಿನಿಂದ ಎಂಬ ಪ್ರತೀತಿ ಇದೆ.'"

ಓದಿ ಕನ್ನಡಕ ಇಳಿಸಿದರು.

"ಹೆಣ ಕುಂಟುತ್ತಾ ಬಸವಂತ್?"

ಅವನು ಕಿಟಕಿಯ ಆಚೆ ನೋಡಿದ. ಎದುರುಮನೆಯ ಟ್ಯೂಷನ್ನಿಗೆ ಬಂದ ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು.

"ಇದೆಲ್ಲಾ ಎಲ್ಲಿ ಸಿಕ್ಕಿತು?"

"ಒಂದು ಕಡೆ ಓದಿದ್ದೆ."

"ಯಾವ ಕಡೆ?"

"ನೆನಪಿಲ್ಲ ಮೇಡಂ."

"ನನಗೆ ಯಾಕೋ ಸಂಶಯ ಬಂತು. ಅವನ ಕ್ಲಬ್ಬು ಇನ್ನೂ ಇದೆಯಾ ಅಂತ ಮಾಗ್ಡೆಬುರ್ಗಿಗೆ ಒಂದು ಕಾಗದ ಹಾಕಿದ್ದೆ. ಇದೆ. ಪುಣ್ಯಾತ್ಮರು ಜೆರಾಕ್ಸ್ ಕಳಿಸಿದಾರೆ." ಅವರು ಎರಡು ಹಾಳೆ ಮುಂದೆ ತಳ್ಳಿದರು. "ಐವತ್ತೆಂಟರಲ್ಲಿ ಕ್ಲಬ್ಬಿನವರು ಅವನನ್ನ ಮಾತಾಡಿಸಿದ್ದು. ಎಪ್ಪತ್ತು ವರ್ಷ ಆಗ ಅವನಿಗೆ. ನೀವೇ ಕನ್ನಡ ಮಾಡಿ ಓದಿ. ಗಟ್ಟಿಯಾಗಿ."

ಹಾಳೆಯ ಮೇಲೆ ಒಬ್ಬ ಮುದುಕನ ಫೋಟೋ ಇತ್ತು. ಬೋಳು ತಲೆ, ತುಂಬಿದ ಕೆನ್ನೆ. ಕೋಟಿನ ಗುಂಡಿ ಹೊಟ್ಟೆಗೆ ಬಿಗಿಯಾಗಿತ್ತು. ಬಸವಂತ ಅವನನ್ನು ಗುರುತಿಸಲಿಲ್ಲ. ಗುರುತಿಸಲು ಇಷ್ಟಪಡಲೂ ಇಲ್ಲ.

"'ಲೈಪ್ಜಿಗ್ ಆದ ಮೇಲೆ ಯಾಕೆ ಓಟ ಬಿಟ್ಟಿರಿ,' ಅಂತ ಕೇಳ್ತಾರೆ."

"ಏನಂತಾನೆ?"

ಉತ್ತರದ ಮೊದಲ ವಾಕ್ಯದಲ್ಲಿ ಮೂರೇ ಪದಗಳಿದ್ದವು. ಅವನು ಅವನ್ನು ಎರಡು ಸಲ ಓದಿಕೊಂಡ.

"'ನೋವಾಯಿತು,' ಅಂತಾನೆ."

"ಇನ್ನೊಂದ್ಸಲ ನೋಡಿ."

ಕೋಣೆಯಲ್ಲಿ ಫ್ಯಾನು ಇರಲಿಲ್ಲ. ಡಿಸೆಂಬರಿನಲ್ಲೂ ಅವನ ಕತ್ತು ಬೆವರಿತು.

"'ಬೇಸರ ಬಂತು.'"

"ಹಾಂ. ಮುಂದೆ."

"'ನಾಲ್ಕನೆಯವನಾಗಿ ಬಂದೆ. ನನಗಿಂತ ಜೋರಾಗಿ ಮೂವರು ಓಡುತ್ತಾರೆ ಅಂತ ಗೊತ್ತಾಯಿತು. ಮನೆಗೆ ಹೋಗಿ ಊಟ ಮಾಡಿದೆ.'" ಅವನ ದನಿ ಅವನಿಗೇ ದೂರದಿಂದ ಕೇಳುತ್ತಿತ್ತು. "'ಮುಂದಿನ ತಿಂಗಳು ಕಚೇರಿಯಲ್ಲಿ ಬಡ್ತಿ ಬಂತು. ಯುದ್ಧದಲ್ಲಿ ರೈಲ್ವೆಯವರನ್ನು ಊರಲ್ಲೇ ಇಟ್ಟುಕೊಂಡರು. ನಾಲ್ಕು ಮಕ್ಕಳು. ಈಗ ಜೇನು ಸಾಕಿದ್ದೇನೆ.'"

"ಎಂಬತ್ತೊಂದು ವರ್ಷ ಬದುಕಿದ್ದನಂತೆ," ಎಂದರು ಮೇಡಂ. ಅವರ ಮುಖ ಅರಳಿತ್ತು. "ಎಷ್ಟು ಚೆನ್ನಾಗಿದೆ ಅಲ್ವಾ? ಇದನ್ನೇ ಬರೀಬಹುದಲ್ಲ. ಒಬ್ಬ ಮನುಷ್ಯ ಸೋತು, ಮನೆಗೆ ಹೋಗಿ ಊಟ ಮಾಡಿ, ಸುಖವಾಗಿದ್ದ ಅಂತ ಬರೆಯೋಕೆ ಏನು ತೊಂದರೆ?"

ಬಸವಂತನಿಗೆ ಆ ಬೋಳುತಲೆಯ ಮುದುಕನ ಮೇಲೆ ಉಸಿರುಗಟ್ಟುವಂಥ ದ್ವೇಷ ಹುಟ್ಟಿತು. ನಾಲ್ಕನೆಯವನಾಗಿ ಬಂದು ಊಟ ಮಾಡಿದವನು. ಮೂರು ಬೆನ್ನು ನೋಡಿಯೂ ಗೆರೆಯವರೆಗೆ ಓಡಿದವನು. ಇಂಥವನಿಗೆ ತಾನು ಒಂದು ಸಾವು ಕೊಟ್ಟಿದ್ದೆ. ತನ್ನ ಹತ್ತಿರ ಇದ್ದ ಒಳ್ಳೆಯದನ್ನೇ ಕೊಟ್ಟಿದ್ದೆ.

"ಸುಳ್ಳು ಹೇಳ್ತಿದಾನೆ," ಎಂದ.

"ಯಾರು?"

"ಇವನು. ಬೇಸರ ಬಂತಂತೆ. ಯಾರಿಗೂ ಹಾಗೆ ಬೇಸರ ಬರಲ್ಲ. ಮುಚ್ಚಿಡ್ತಿದಾನೆ."

ಮೇಡಂ ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ದನಿ ತಗ್ಗಿಸಿ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದರು: "ಬಸವಂತ್, ನಿಮ್ಮ ಕಾಲಿಗೆ ಆಗಿದ್ದನ್ನ ಅವನಿಗೆ ಕೊಟ್ಟಿದೀರಿ. ನನಗೆ ಅರ್ಥವಾಗುತ್ತೆ. ನಿಜವಾಗಿ ಪೆಟ್ಟು ತಿಂದವರಿಗೆ ಹಾಗೆ ಅನ್ನಿಸುತ್ತೆ. ನಾನೇನೂ ತಪ್ಪು ತಿಳ್ಕೊಂಡಿಲ್ಲ."

ಬೈದಿದ್ದರೆ ಅವನು ತಲೆ ತಗ್ಗಿಸುತ್ತಿದ್ದ.

"ನೀವು ಯಾವತ್ತಾದ್ರೂ ಓಡಿದೀರಾ ಮೇಡಂ?" ಎಂದ. "ಮೂವತ್ತು ವರ್ಷ ಇದೇ ಕುರ್ಚೀಲಿ ಕೂತು ಬೇರೆಯವರ ವಾಕ್ಯ ತಿದ್ದೋದು ಬಿಟ್ಟು, ನಿಮಗೆ ಏನಾದ್ರೂ ಆಗಿದೆಯಾ? ಒಂದು ಪೆಟ್ಟಾದ್ರೂ?"

ಮೇಡಂ ಪೆನ್ಸಿಲಿನ ತುದಿ ನೋಡಿಕೊಂಡರು.

"ಇಲ್ಲ," ಎಂದರು. "ನಾಲ್ಕು ಸಾಲು ಸಾಕು. ನಾನೇ ಬರ್ಕೋತೀನಿ."

"ನನ್ನ ಹೆಸರು ತೆಗೆದುಬಿಡಿ."

"ಆಯ್ತು."

ಆಯ್ತು ಎನ್ನಲು ಅವರು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಕರಡಿನ ಮೇಲೆ ಅಡ್ಡಗೆರೆ ಎಳೆಯುವ ಸದ್ದು ಅವನಿಗೆ ಗೇಟಿನವರೆಗೂ ಕೇಳಿಸಿತು.

ಮನೆಗೆ ಬಂದಾಗ ಐದು ಗಂಟೆ ಆಗಿತ್ತು. ಬಿಟಿಎಂನಲ್ಲಿ ಹತ್ತು ಸೈಟಿಗೆ ಒಂದು ಮನೆ. ನಡುವೆ ಪಾರ್ಥೇನಿಯಂ ಗಿಡ, ಜಲ್ಲಿ ರಾಶಿ, ಎಲ್ಲೋ ಬೋರ್‌ವೆಲ್ ಲಾರಿಯ ಗದ್ದಲ. ಅವನು ಮೆಟ್ಟಿಲು ಹತ್ತಿ ಒಳಗೆ ಬಂದ. ಬಾಗಿಲ ಪಕ್ಕದ ಕುರ್ಚಿ ಖಾಲಿ ಇತ್ತು.

ಅನ್ನಪೂರ್ಣ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನು ಬಂದದ್ದು ಗೊತ್ತಾದರೂ ಬಡಿತ ನಿಲ್ಲಲಿಲ್ಲ.

"ಎಲ್ಲಿ ಅವರು?"

"ಹೋದ್ರು."

"ಎಲ್ಲಿಗೆ?"

"ಜರಗನಹಳ್ಳ್ಯಾಗ ಅವರ ತಂಗಿ ಮಗ ಅದಾನಂತ. ಬಾಡಿಗಿ ಮನಿ. ಅಲ್ಲೇ ಇರ್ತೀನಿ ಅಂದ್ರು. ಬ್ಯಾಡ್ರೀ ಕಾಕಾ ಅಂದೆ. ಕೇಳಲಿಲ್ಲ."

"ಯಾಕೆ?"

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ನೀರು ಸವರಿದಳು.

"ನಿನಗೆ ಏನು ಹೇಳಿದ್ರು?" ಎಂದ ಅವನು.

"ಏನ್ ಹೇಳ್ತಾರ?"

"ಏನೋ ಹೇಳಿರ್ತಾರೆ. ಬೆಳಿಗ್ಗೆಯಿಂದ ನಗ್ತಾ ಕೂತಿದ್ರಂತಲ್ಲ."

"ನೀವು ಮೊದಲನೇ ಸಲ ಓಡಾಕ ಬಂದಾಗ ಚಡ್ಡಿ ಹಿಂದಮುಂದ ಹಾಕ್ಕೊಂಡು ಬಂದಿದ್ರಂತ. ಅದನ್ನ ಹೇಳಿದ್ರು. ನಕ್ಕೆ." ಅವಳು ರೊಟ್ಟಿ ಮಗುಚಿದಳು. "ನಾ ಏನೂ ಕೇಳಲಿಲ್ಲ. ಅವರು ಏನೂ ಹೇಳಲಿಲ್ಲ."

ಹಾಗಾದರೆ ಕೇಳುವುದು ಏನೋ ಇತ್ತು. ಬಸವಂತ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಬೆನ್ನನ್ನು ನೋಡಿದ. ಹನ್ನೆರಡು ವರ್ಷದಿಂದ ಕಂಡ ಬೆನ್ನು. ಅದು ಕೋಪದಲ್ಲಿದೆಯೋ, ದುಃಖದಲ್ಲಿದೆಯೋ, ರೊಟ್ಟಿ ಬೇಯುವುದನ್ನು ಕಾಯುತ್ತಿದೆಯೋ ಅವನಿಗೆ ಹೇಳಲಾಗಲಿಲ್ಲ. ಅವಳು ತಿರುಗಿ ಕೂಗಾಡಬೇಕೆಂದು, ಒಂದು ಪಾತ್ರೆಯನ್ನಾದರೂ ಎಸೆಯಬೇಕೆಂದು ಅವನು ಕಾದ.

"ಕಾಲು ತುಂಬಾ ನೋಯ್ತಾ ಇದೆ," ಎಂದ ಕೊನೆಗೆ. "ಉಪ್ಪು ಬಿಸಿ ಮಾಡು."

ಅವಳು ಒಲೆ ಸಣ್ಣ ಮಾಡಿದಳು. ಸೆರಗಿಗೆ ಕೈ ಒರೆಸಿಕೊಂಡು, ಉಪ್ಪಿನ ಡಬ್ಬಿ ಇಳಿಸಿ, ಬಟ್ಟೆ ಹುಡುಕಿ, ಬಾಣಲೆ ಇಟ್ಟಳು. ಎಂದಿನ ಕ್ರಮದಲ್ಲೇ ಎಲ್ಲ ಮಾಡಿ, ಅವನ ಕಡೆ ತಿರುಗಿ, ತರಕಾರಿಯವಳ ಹತ್ತಿರ ಯಾವ ಸೊಪ್ಪು ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು:

"ಯಾವ ಕಾಲಿಗೆ?"

ಬಾಣಲೆಯಲ್ಲಿ ಉಪ್ಪು ಚಿಟಪಟ ಎನ್ನತೊಡಗಿತು. ಅವಳು ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಅವಳ ಕಣ್ಣಿನಲ್ಲಿ ಹುಡುಕಿದ; ಒಂದು ವ್ಯಂಗ್ಯ ಸಿಕ್ಕಿದ್ದರೂ ಹಿಡಿದು ಜಗಳ ತೆಗೆಯುತ್ತಿದ್ದ. ಸಿಗಲಿಲ್ಲ.

"ಯಾವಾಗ ಹೊರಟರು ಅವರು?"

"ಈಗ. ನೀವು ಬರೂಕಿಂತ ಸ್ವಲ್ಪ ಮೊದಲು. ಗೌರಮ್ಮಾರು ಬಸ್‌ಸ್ಟ್ಯಾಂಡ್ ತನಕಾ ಬಿಟ್ಟು ಬರ್ತೀನಿ ಅಂತ ಕೈ ಹಿಡ್ಕೊಂಡು ಹೋದ್ರು. ಬನಶಂಕರಿಗೆ ಹೋಗಿ ಬಸ್ ಬದಲಾಸಬೇಕಂತ." ಒಂದು ಗಳಿಗೆ ಬಿಟ್ಟು ಅಂದಳು, "ಕಣ್ಣಿಲ್ಲದ ಮನಷ್ಯಾ. ಹೋಗಿ ಕರ್ಕೊಂಡ್ ಬರ್ರಿ."

ಅವನು ಚಪ್ಪಲಿ ಮೆಟ್ಟಿ ಇಳಿದ. ಕರೆದುಕೊಂಡು ಬರಲು ಹೊರಟೆನೋ, ಏನು ಹೇಳಿದಿರಿ ಎಂದು ಕೊರಳಪಟ್ಟಿ ಹಿಡಿದು ಕೇಳಲು ಹೊರಟೆನೋ ಅವನಿಗೇ ತಿಳಿಯಲಿಲ್ಲ. ಮೂಲೆಯಲ್ಲಿ ಗೌರಮ್ಮ ಒಬ್ಬರೇ ವಾಪಸ್ಸು ಬರುತ್ತಿದ್ದರು. "ಹತ್ತಿಸ್ಬಿಟ್ಟೆ ಕಣ್ರೀ, ಬಸ್ಸು ಅಲ್ಲೇ ನಿಂತೈತೆ," ಎಂದು ಕೂಗಿ ಹೇಳಿದರು.

ದೊಡ್ಡ ರಸ್ತೆಗೆ ಬಂದಾಗ ಬಸ್ಸು ಕಂಡಿತು. ನೂರು ಹೆಜ್ಜೆ ದೂರ. ಹಿಂದಿನ ಬಾಗಿಲ ಹತ್ತಿರದ ಕಿಟಕಿಯಲ್ಲಿ ಮಾಸ್ತರ ಬಿಳಿ ಟೋಪಿ. ಇಂಜಿನ್ ಸದ್ದು ಏರಿತು. ಬಸ್ಸು ನಿಂತ ಜಾಗ ಬಿಟ್ಟು ಮೆಲ್ಲಗೆ ಹೊರಟಿತು.

"ಸಾರ್!" ಎಂದು ಕೂಗಿದ. ಯಾರಿಗೂ ಕೇಳಿಸಲಿಲ್ಲ.

ಆ ಕಡೆ ಈ ಕಡೆ ಖಾಲಿ ಸೈಟುಗಳು. ನೋಡುವವರು ಯಾರೂ ಇರಲಿಲ್ಲ. ಇಡೀ ಬೆಂಗಳೂರಿನಲ್ಲಿ ತನ್ನ ಕಾಲು ಸರಿಯಾಗಿದೆ ಎಂದು ತಿಳಿದಿದ್ದ ಒಬ್ಬನೇ ಒಬ್ಬ ಮನುಷ್ಯ ಆ ಬಸ್ಸಿನಲ್ಲಿದ್ದ. ಅವನ ಮುಂದೆ ಕುಂಟುವ ಅಗತ್ಯವಿರಲಿಲ್ಲ. ಬಸವಂತ ಎದೆ ಮುಂದೆ ಮಾಡಿ, ಮೊಣಕೈ ಮಡಿಸಿ ಓಡಿದ.

ಬಲಗಾಲು ಬರಲಿಲ್ಲ. ಹೆಜ್ಜೆ ಹೆಜ್ಜೆಗೂ ಅದು ಅರ್ಧ ಕ್ಷಣ ಹಿಂದೆ ಉಳಿದು, ಪಾದ ಒಳಕ್ಕೆ ತಿರುಗಿ ನೆಲ ಕೆರೆಯಿತು. ಎತ್ತು, ಎಂದುಕೊಂಡ. ಎತ್ತಿದ. ಆಗ ಎಡಗಾಲು ಅದಕ್ಕೆ ಹೊಂದಿಕೊಳ್ಳಲಾರದೆ ಮಡಚಿತು. ಮತ್ತೆ ಎಡಗಾಲನ್ನು ಸರಿಮಾಡಹೋದರೆ ಸೊಂಟವೇ ಒಂದು ಕಡೆ ಕುಸಿದು, ಕೈಯೆರಡೂ ಗಾಳಿಯಲ್ಲಿ ಏನನ್ನೋ ಹಿಡಿಯಹೋದವು. ತೊಡೆಯ ಹಿಂದೆ, ಮಾಸ್ತರ ಹೆಬ್ಬೆರಳು ಅವತ್ತು ನಿಂತ ಜಾಗದಲ್ಲೇ ಇರಬೇಕು, ಒಂದು ನೋವು ನಿಜವಾಗಿ ಎದ್ದಿತು. ಎರಡು ತೊಡೆಯಲ್ಲೂ.

ಒಂದು ಚಪ್ಪಲಿ ಕಳಚಿತು. ಅವನು ನಿಲ್ಲಲಿಲ್ಲ.

ಮುಂದೆ ಯಾರೋ ಬಸ್ಸಿನ ತಗಡು ಬಡಿದರು. ಬಸ್ಸು ನಿಂತಿತು. ಕಂಡಕ್ಟರು ಫುಟ್‌ಬೋರ್ಡಿನಿಂದ ಅರ್ಧ ಹೊರಗೆ ಬಾಗಿ, "ನಿಧಾನ ಸಾರ್, ನಿಧಾನ! ಬೀಳ್ತೀರಾ! ಕಾಯ್ತೀವಿ ಬನ್ನಿ!" ಎಂದು ಕೂಗಿದ. ಕಿಟಕಿಗಳಲ್ಲಿ ಒಂದೊಂದೇ ತಲೆ ಹೊರಬಂತು. ಯಾರೂ ನಗಲಿಲ್ಲ. ಹೊತ್ತಾಯಿತು ಎಂದು ಯಾರೂ ಗೊಣಗಲಿಲ್ಲ.

ಕೊನೆಯ ಕಿಟಕಿಯಲ್ಲಿ ಬಿಳಿ ಟೋಪಿಯೂ ಹೊರಳಿತು. ಮಾಸ್ತರು ಅವನತ್ತ ಮುಖ ಮಾಡಿ, ಪೊರೆ ಮುಚ್ಚಿದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ನೋಡಿದರು.

"ಯಾರಪಾ ಅದು?"

"ಯಾರೋ ಕಾಲು ಸರಿಯಿಲ್ದೋರು ತಾತ," ಎಂದ ಕಂಡಕ್ಟರು.

ಬಸವಂತ ಬಾಯಿ ತೆರೆದ. ಉಸಿರು ಬಂತು, ಹೆಸರು ಬರಲಿಲ್ಲ.

"ಪಾಪ," ಎಂದರು ಮಾಸ್ತರು. "ಬಿಡಬ್ಯಾಡಪಾ ಬಸ್ಸು. ಬರಲಿ ಅಂವಾ."

ಬಸ್ಸು ಕಾಯಿತು. ಇನ್ನೂ ಮೂವತ್ತು ಹೆಜ್ಜೆ ಇತ್ತು, ಇಪ್ಪತ್ತೈದು ಇತ್ತು, ಅಷ್ಟೂ ಮುಖಗಳು ಅವನ ಕಾಲನ್ನು ತಾಳ್ಮೆಯಿಂದ ನೋಡುತ್ತ ಕಾಯುತ್ತಲೇ ಇದ್ದವು.